ಹೊಸ್ತಿಲ ಮೇಲಿನ ಹಲಗೆ

ಕುಸುಮಳ ಪಾದಗಳಿಗೆ ಸ್ಪರ್ಶವಿರಲಿಲ್ಲ. ನೆಲ ಬಿಸಿಯೋ ತಣ್ಣಗೋ, ಒದ್ದೆಯೋ ಒಣಗಿದೆಯೋ ಎಂಬುದನ್ನು ಅವಳು ಕಣ್ಣಿನಿಂದಲೇ ತಿಳಿಯಬೇಕಿತ್ತು. ಹೋದ ವರ್ಷ ಹಿತ್ತಲಿನಲ್ಲಿ ಬಾಟಲಿ ಚೂರು ತುಳಿದು, ಅದು ಅಂಗಾಲಿನಲ್ಲಿ ಕುಳಿತದ್ದು ಗೊತ್ತಾಗದೆ, ಅಡುಗೆಮನೆಗೂ ಹಜಾರಕ್ಕೂ ಓಡಾಡಿ ಎಲ್ಲರಿಗೂ ಮುದ್ದೆ ಬಡಿಸಿದ್ದಳು. ಹಿಂದೆಲ್ಲ ಕೆಂಪು ಹೆಜ್ಜೆ ಮೂಡಿತ್ತು. ಮೊದಲು ನೋಡಿದವಳು ಅತ್ತೆ ಸಣ್ಣತಾಯಮ್ಮ.

"ಏನಮ್ಮಿ ಇದು, ಮನೆ ತುಂಬಾ ಕುಂಕ್ಮದ ನೀರ್ ಚೆಲ್ಕಂಡ್ ಓಡಾಡ್ತಿದ್ದೀಯಾ?" ಎಂದಿದ್ದಳು.

ಕಾಯಿಲೆಗೆ ಒಂದು ಹೆಸರಿತ್ತು. ಮೂವರು ವಿದೇಶಿ ಡಾಕ್ಟರುಗಳ ಹೆಸರು ಪೋಣಿಸಿ ಇಟ್ಟ ಹೆಸರು. ಮನೆಯಲ್ಲಿ ಯಾರ ನಾಲಿಗೆಯೂ ಅದಕ್ಕೆ ಹೊರಳಲಿಲ್ಲ. ಸಣ್ಣತಾಯಮ್ಮ "ಕಾಲ್ ಸೀಕು" ಎನ್ನುತ್ತಿದ್ದಳು. ಗಂಡ ಶಿವರಾಮು ಏನೂ ಎನ್ನುತ್ತಿರಲಿಲ್ಲ. ಮೈಸೂರಿನ ನರದ ಡಾಕ್ಟರು ಮಾತ್ರ ನೇರವಾಗಿ ಹೇಳಿದ್ದರು. ನರ ಸವೆಯುವ ಕಾಯಿಲೆ, ವಂಶದಲ್ಲಿ ಬರುತ್ತದೆ, ಔಷಧಿಯಿಲ್ಲ, ಸಾಯಿಸುವುದೂ ಇಲ್ಲ. ಕಾಲಿನಿಂದ ಶುರುವಾಗಿ ನಿಧಾನಕ್ಕೆ ಕೈಗೆ ಬರುತ್ತದೆ.

"ಕೈ ಇನ್ನೂ ಚೆನ್ನಾಗಿದೆ. ಜೋಪಾನ ಮಾಡಿದ್ರೆ ಹತ್ತು ವರ್ಷ ಕೆಲಸ ಮಾಡುತ್ತೆ. ಆದ್ರೆ ಬೀಳಬೇಡಿ ಅಮ್ಮ. ಬೇರೆಯವರು ಕೈ ಮುರ್ಕೊಂಡ್ರೆ ಕಟ್ಟು ಬಿಚ್ಚಿದ ಮೇಲೆ ಸರಿಹೋಗ್ತಾರೆ. ನಿಮ್ಮ ಕೈ ಕಟ್ಟಿನಲ್ಲಿ ಸುಮ್ನೆ ಕೂತ್ರೆ, ಇರೋ ಶಕ್ತಿ ಹೋಗುತ್ತೆ. ಹೋದದ್ದು ವಾಪಸ್ ಬರಲ್ಲ. ಮನೆಯನ್ನ ಈಗಲೇ ನಿಮಗೆ ಬೇಕಾದ ಹಾಗೆ ಮಾಡ್ಕೊಂಬಿಡಿ."

ಶಿವರಾಮು ಪಕ್ಕದಲ್ಲೇ ಕುಳಿತು ತಲೆಯಾಡಿಸಿದ್ದ. ಬಸ್ಸಿನಲ್ಲಿ ಮಂಡ್ಯ ತಲುಪುವಷ್ಟರಲ್ಲಿ ನಿದ್ದೆ ಹೋಗಿದ್ದ.

ಕುಸುಮಳಿಗೆ ಡಾಕ್ಟರು ಹೇಳಬೇಕಾಗಿಯೂ ಇರಲಿಲ್ಲ. ಮದ್ದೂರಿನ ತವರಿನಲ್ಲಿ ಅವಳಪ್ಪ ಚಿಕ್ಕಣ್ಣ ಕೊನೆಯ ವರ್ಷಗಳಲ್ಲಿ ಮಂಡಿಗೆ ಗೋಣಿಚೀಲ ಸುತ್ತಿಕೊಂಡು ಬಚ್ಚಲಿಗೆ ತೆವಳುತ್ತಿದ್ದ. ಹೊಸ್ತಿಲು ಬಂದಾಗ ಹೊಟ್ಟೆ ಮೇಲೆ ಬಿದ್ದು ದಾಟುತ್ತಿದ್ದ. ಊರು ಅದನ್ನು ನಾಗರ ಶಾಪ ಎಂದಿತು. ಒಂದು ಬಾಗಿಲು ತಗ್ಗಿಸೋಣ, ಒಂದು ಸರಳು ನೆಡೋಣ ಎಂದು ಒಬ್ಬರೂ ಹೇಳಲಿಲ್ಲ. ನಾಗರ ಕಲ್ಲಿಗೆ ಹಾಲು ಎರೆದರು.

ಕುಸುಮ ಹಾಲು ಎರೆಯಲಿಲ್ಲ. ರವಿಕೆಯ ಹುಕ್ಕು ಕಿತ್ತು, ಒತ್ತಿದರೆ ಹಿಡಿಯುವ ಅಂಟುಪಟ್ಟಿ ಹೊಲಿದಳು. ತಿರುಗಿಸುವ ನಲ್ಲಿ ತೆಗೆಸಿ ಮೊಣಕೈಯಲ್ಲಿ ತಳ್ಳುವ ನಲ್ಲಿ ಹಾಕಿಸಿದಳು. ಸೌಟಿಗೂ ಮುದ್ದೆ ಕೋಲಿಗೂ ಸೈಕಲ್ ಹ್ಯಾಂಡಲಿನ ರಬ್ಬರು ತೊಡಿಸಿದಳು. ಮುದ್ದೆ ತಿರುವುವಾಗ ಪಾತ್ರೆ ಅಲ್ಲಾಡದಂತೆ ಒಂದು ಮರದ ಚೌಕಟ್ಟು ಮಾಡಿಕೊಂಡಳು. ಎಲ್ಲರ ಹಾಗೆ ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದರೆ ಸುಡುವುದು ಅವಳಿಗೆ ತಿಳಿಯುತ್ತಿರಲಿಲ್ಲವಲ್ಲ. ದಿನಕ್ಕೊಂದು ಹೊತ್ತು ಎಡಗೈಯಲ್ಲಿ ಊಟ ಮಾಡಿ ಅಭ್ಯಾಸ ಮಾಡುತ್ತಿದ್ದಳು, ಅತ್ತೆ ಇಲ್ಲದಾಗ.

ಬಲಗೈ ಅವಳ ಸಂಪಾದನೆ. ಸೀರೆ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಅವರ ಊರು ಹೊಳಲಿನಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಮದುವೆ ಸೀಜನ್ನಿನಲ್ಲಿ ಮಂಡ್ಯದ ಸೀರೆ ಅಂಗಡಿಯಿಂದಲೂ ಕಟ್ಟು ಬರುತ್ತಿತ್ತು. ಸಣ್ಣ ಸೂಜಿ ಜಾರತೊಡಗಿದಾಗ ಅವಳು ಕೊಕ್ಕೆಕಡ್ಡಿಗೆ ಬದಲಾದಳು. ಕೊಕ್ಕೆಕಡ್ಡಿ ಜಾರತೊಡಗಿದಾಗ ಅದಕ್ಕೂ ರಬ್ಬರು ಸುತ್ತಿದಳು. ಬೆರಳಿಗೆ ಎಷ್ಟು ಬರುತ್ತದೋ ಅಷ್ಟಕ್ಕೆ ಹೊಂದುವ ಹೊಸ ಗಂಟುಗಳನ್ನು ತಾನೇ ಹುಟ್ಟಿಸಿದಳು. ಅವೇ ಈಗ ಹೆಚ್ಚು ಓಡುತ್ತಿದ್ದವು.

ಜಗಳ ಶುರುವಾದದ್ದು ಬೂಟಿನಿಂದ. ಪಾದ ಜೋತುಬೀಳದಂತೆ ಮೀನಖಂಡದಿಂದ ಅಂಗಾಲಿನವರೆಗೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ಮೈಸೂರಿನಲ್ಲಿ ಕೊಟ್ಟಿದ್ದರು. ಅದು ಬೂಟಿನೊಳಗೆ ಮಾತ್ರ ನಿಲ್ಲುತ್ತದೆ.

"ಮೆಟ್ ಆಕ್ಕಂಡು ಒಲೆ ಮುಂದೆ ನಿಂತವ್ಳೆ ನೋಡ್ಲಾ ಸಿವರಾಮು!"

"ಒಸಾವು ಕಣವ್ವ. ಬೀದಿಗೆ ಆಕಿಲ್ಲ," ಎಂದ ಶಿವರಾಮು ತಟ್ಟೆಯಿಂದ ಕಣ್ಣೆತ್ತದೆ. ಅವನು ಮಂಡ್ಯದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಮನೆಯ ಜಗಳಗಳೆಲ್ಲ ಅವನು ಉಣ್ಣುವಾಗಲೇ ನಡೆಯುತ್ತಿದ್ದವು. ಉಳಿದ ಹೊತ್ತಿನಲ್ಲಿ ಅವನು ಸಿಗುತ್ತಿರಲಿಲ್ಲ.

"ಒಸ್ದಾದ್ರೆ ಮೆಟ್ಟಲ್ವಾ? ಒಸಾ ಪರಕೆ ತಂದು ತಲೆ ಮ್ಯಾಲೆ ಮಡಿಕಂಡಿಯಾ?"

ಮಗಳು ಶೋಭಿತಾ, ಡಿಗ್ರಿ ಎರಡನೇ ವರ್ಷ, ಬಾಗಿಲಲ್ಲಿ ನಿಂತು ತಲೆ ಬಾಚುತ್ತಿದ್ದಳು. "ಅಜ್ಜಿ, ನಿನ್ನ ಕನ್ನಡಕ ಬಿಚ್ಚಿಡು."

"ಯಾಕಮ್ಮಿ?"

"ಕಣ್ಣಿಗೆ ಗಾಜು ಕಟ್ಕೊಂಡು ದೇವ್ರ ಮುಂದೆ ನಿಂತ್ಕತೀಯಲ್ಲ, ಅಂಗೇ ಅಮ್ಮ ಕಾಲಿಗೆ ಕಟ್ಕೊಂಡವ್ಳೆ. ಬಿಚ್ಚು ಮೊದ್ಲು."

"ನಾಲ್ಗೆ ನೋಡು ನಾಲ್ಗೆಯ! ಇಸ್ಕೂಲಲ್ಲಿ ಇದ್ನೇ ಯೋಳ್ಕೊಡೋದಾ?"

"ಆಯ್ತು ಬುಡಿ," ಎಂದ ಶಿವರಾಮು.

ಕುಸುಮ ಹಳೇ ಜೀನ್ಸ್ ಪ್ಯಾಂಟು ಕತ್ತರಿಸಿ, ಅಡಿಗೆ ಸೈಕಲ್ ಟ್ಯೂಬು ಹೊಲಿದು, ಬಟ್ಟೆಯ ಬೂಟು ಮಾಡಿಕೊಂಡಳು. ಸಣ್ಣತಾಯಮ್ಮ ಅದನ್ನು ಕೈಯಲ್ಲಿ ಮುಟ್ಟಿ ನೋಡಿದಳು. ಚರ್ಮವಲ್ಲ. ಬೈಯಲು ಏನೂ ಸಿಗಲಿಲ್ಲ.

ಆಮೇಲೆ ಹೊಸ್ತಿಲು.

ಹಜಾರಕ್ಕೂ ಅಡುಗೆಮನೆಗೂ ನಡುವೆ ಹಲಸಿನ ಮರದ ಹೊಸ್ತಿಲಿತ್ತು, ಹೆಚ್ಚುಕಮ್ಮಿ ಒಂದು ಗೇಣು ಎತ್ತರ. ಮೊದಲು ಮನೆ ಅಲ್ಲಿಗೇ ಮುಗಿಯುತ್ತಿತ್ತು. ಹಜಾರ ಕಟ್ಟಿದ್ದು ಆಮೇಲೆ. ಹಾಗಾಗಿ ಸಣ್ಣತಾಯಮ್ಮನ ಲೆಕ್ಕದಲ್ಲಿ ಮನೆಯ ನಿಜವಾದ ಹೊಸ್ತಿಲು ಅದೇ. ಅವಳೂ ಅವಳ ಅತ್ತೆಯೂ ಸೊಸೆಯಾಗಿ ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದದ್ದು ಅಲ್ಲೇ. ಕುಸುಮ ಒದ್ದದ್ದೂ ಅಲ್ಲೇ, ಕಾಲಿಗೆ ಸ್ಪರ್ಶವಿದ್ದ ಕಾಲದಲ್ಲಿ. ಪ್ರತಿ ಶುಕ್ರವಾರ ಅದಕ್ಕೆ ಎಣ್ಣೆ, ಅರಿಸಿನ, ಕುಂಕುಮ.

"ಅತ್ತೆ, ಇದನ್ನ ಕುಯ್ಸಿ ನೆಲಕ್ಕೆ ಸಮ ಮಾಡ್ಸೋಣ. ನಾಳೆ ನಾನು ಗಾಲಿಕುರ್ಚೀಲಿ ಓಡಾಡೋ ಹಂಗಾದ್ರೂ ಬೇಕಾಗುತ್ತೆ."

"ಒಸ್ಲು ಕುಯ್ಯೋದಾ? ಮನೆ ಕತ್ತು ಕುಯ್ದಂಗೆ ಕಣಮ್ಮಿ! ಗಾಲಿಕುರ್ಚಿ ಅಂತೆ. ಬಾಯಲ್ಲಿ ಒಳ್ಳೆ ಮಾತೇ ಬರಲ್ವಾ ನಿಂಗೆ?"

"ಬರೋದನ್ನ ಮುಂಚೆ ಹೇಳ್ತಿದ್ದೀನಿ."

"ಕರ್ಕಬತ್ತಿದ್ದೀಯಾ ನೀನು, ಕರ್ಕಬತ್ತಿದ್ದೀಯಾ! ಬಾ ಬಾ ಅಂತ."

ಕುಯ್ಯುವುದು ಆಗಲಿಲ್ಲ. ಮೈದುನ ರಘುನಂದನ್ ಒಂದು ದಾರಿ ಹುಡುಕಿದ. ಅವನು ಮಂಡ್ಯದ ಬೈಕ್ ಶೋರೂಮಿನಲ್ಲಿ ಕೆಲಸಕ್ಕಿದ್ದ, ಕೈಗೆಲಸ ಬಲ್ಲವನು, ಅತ್ತಿಗೆ ಮಾಡುವ ಉಪ್ಸಾರಿನ ಮೇಲೆ ಆಸೆಯಿದ್ದವನು. ಹೊಸ್ತಿಲನ್ನು ಮುಟ್ಟದೆ ಅದರ ಮೇಲೆ ಕೂರುವಂಥ, ಈ ಕಡೆಯಿಂದ ಹತ್ತಿ ಆ ಕಡೆ ಇಳಿಯುವಂಥ ಇಳಿಜಾರು ಹಲಗೆ. ಕುಸುಮ ಅಳತೆ ಹೇಳಿದಳು, ಅವನು ಕುಯ್ದು ಜೋಡಿಸಿದ. ಜಾರದಂತೆ ಮೇಲೆ ಟೈರಿನ ಪಟ್ಟಿ ಹೊಡೆದರು. ಶುಕ್ರವಾರ ಎತ್ತಿಟ್ಟು ಪೂಜೆ ಮಾಡಿ ಮತ್ತೆ ಇಡಬಹುದು.

"ಎಂಗೈತೆ ಅತ್ಗೆ? ಇದರ ಮೇಲೆ ಬೈಕೇ ಓಡಿಸ್ಬೌದು."

"ನೀನು ಓಡಿಸಬೇಡ ಮಾರಾಯ, ನಾನು ನಡೆದ್ರೆ ಸಾಕು."

ಅವತ್ತು ಅವಳು ಹಜಾರಕ್ಕೂ ಅಡುಗೆಮನೆಗೂ ಸುಮ್ಮಸುಮ್ಮನೆ ಓಡಾಡಿದಳು, ಕಾಲು ನೋಡದೆ. ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ತಲೆಯೆತ್ತಿ ನಡೆದದ್ದು. ಕೆಲವೇ ದಿನಗಳಲ್ಲಿ ಹಲಗೆ ಅಲ್ಲಿರುವುದೇ ಅವಳಿಗೆ ಮರೆತುಹೋಯಿತು. ಕಾಲು ತಾನಾಗಿ ಹತ್ತಿ ತಾನಾಗಿ ಇಳಿಯುತ್ತಿತ್ತು.

ಅದೇ ತಿಂಗಳು ರಘುನಂದನನಿಗೆ ಸಂಬಂಧ ಬಂತು. ಅವನಿಗೆ ಮೂವತ್ನಾಲ್ಕು. ಮಂಡ್ಯ ಕಡೆ ಗಂಡುಗಳಿಗೆ ಹೆಣ್ಣು ಸಿಗದ ಕಾಲ. ಜಮೀನಿದ್ದರೆ ನೌಕರಿ ಕೇಳುತ್ತಾರೆ, ನೌಕರಿಯಿದ್ದರೆ ಸರ್ಕಾರದ್ದೇ ಬೇಕು ಎನ್ನುತ್ತಾರೆ. ಬಂದು ಕಾಫಿ ಕುಡಿದು "ಹೇಳಿ ಕಳಿಸ್ತೀವಿ" ಎಂದು ಹೋದವರ ಲೆಕ್ಕ ಸಣ್ಣತಾಯಮ್ಮನಿಗೆ ತಪ್ಪಿತ್ತು. ಈ ಸಲ ಮಳವಳ್ಳಿಯ ಮಹದೇವು ಎಂಬವರ ಮಗಳು ವೀಣ. ಖಾಸಗಿ ಸ್ಕೂಲಿನಲ್ಲಿ ಟೀಚರು. ಹುಡುಗ ಒಪ್ಪಿಗೆಯಾಗಿದ್ದಾನೆ, ಇನ್ನು ಮನೆ ನೋಡಲು ಬರುತ್ತಾರೆ, ಶುಕ್ರವಾರ.

ಮನೆ ನೋಡುವುದೆಂದರೆ ಬರೀ ಗೋಡೆ ನೋಡುವುದಲ್ಲ. ಕೊಟ್ಟಿಗೆ, ಬಚ್ಚಲು, ಅಡುಗೆಮನೆ, ಒಳಗೆ ಯಾರು ಹೇಗೆ ಓಡಾಡುತ್ತಾರೆ, ಎಲ್ಲ ನೋಡುತ್ತಾರೆ. ಸಣ್ಣತಾಯಮ್ಮ ಮನೆಯನ್ನು ಒಮ್ಮೆ ಅವರ ಕಣ್ಣಿನಿಂದ ನೋಡಿದಳು. ನಟ್ಟ ನಡುವೆ ಟೈರು ಹೊಡೆದ ಹಲಗೆ ಕಂಡಿತು.

ಅದರ ಜೊತೆಗೆ ಇನ್ನೊಂದು ನಡೆಯಿತು. ಶೋಭಿತಾ ಒಂದು ಸಂಜೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು.

"ಇನ್ನೊಂದೆಲ್ಲಿ?" ಎಂದಳು ಕುಸುಮ.

ಶೋಭಿತಾ ಕಾಲು ನೋಡಿಕೊಂಡಳು. ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ಕಳಚಿರಬೇಕು. ಅಲ್ಲಿಂದ ಹೊಳಲಿನವರೆಗೆ, ಸ್ಟಾಪಿನಿಂದ ಮನೆಯವರೆಗೆ, ಅವಳಿಗೆ ಗೊತ್ತೇ ಆಗಿರಲಿಲ್ಲ.

ಕುಸುಮ ಅವಳನ್ನು ಕೂರಿಸಿ, ಕಣ್ಣು ಮುಚ್ಚು ಎಂದು, ಅಂಗಾಲಿಗೆ ಕೊಕ್ಕೆಕಡ್ಡಿಯ ತುದಿ ಒತ್ತಿದಳು.

"ಯಾವಾಗ ಮುಟ್ಟಿದೆ ಹೇಳು."

"ಮುಟ್ಟು, ಹೇಳ್ತೀನಿ."

ಕುಸುಮ ಆಗಲೇ ಒತ್ತಿ ಹಿಡಿದಿದ್ದಳು.

ರಾತ್ರಿ ಊಟದ ಹೊತ್ತಿಗೆ ಮಾತು ಬಂತು. "ಇವಳನ್ನ ಮೈಸೂರಿಗೆ ಕರ್ಕೊಂಡು ಹೋಗ್ಬೇಕು. ಈಗ್ಲೇ ಗೊತ್ತಾದ್ರೆ ಈಗಿಂದ್ಲೇ ಜೋಪಾನ ಮಾಡ್ಬೌದು."

ಸಣ್ಣತಾಯಮ್ಮ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ಯಾವ್ ಮೈಸೂರು? ಟೆಸ್ಟ್ ಮಾಡ್ಸುದ್ರೆ ಕಾಗ್ದ ಬತ್ತದೆ. ಕಾಗ್ದ ಬಂದ್ರೆ ಊರ್ಗೆಲ್ಲ ಗೊತ್ತಾಯ್ತದೆ. ಆಮ್ಯಾಕೆ ಇವಳ್ನ ಯಾವನ್ ಮಾಡ್ಕಂಡಾನು?"

"ಚಿಕ್ಕಪ್ಪನ್ನ ಇಲ್ಲೀಗಂಟ ಯಾರೂ ಮಾಡ್ಕಳ್ಳಿಲ್ವಲ್ಲ ಅಜ್ಜಿ, ಯಾವ ಕಾಗ್ದಾನೂ ಇಲ್ದೆ," ಎಂದಳು ಶೋಭಿತಾ.

ರಘುನಂದನ್ ತಟ್ಟೆ ತಳ್ಳಿ ಎದ್ದ.

"ನೋಡ್ದಾ, ನೋಡ್ದಾ? ಉಣ್ಣೋನ್ನ ಎಬ್ಬಿಸ್ಬುಟ್ಟಳು! ಎಲ್ಲಾ ಅವಳವ್ವನ ಬುದ್ಧಿ."

"ಅಮ್ಮನ ಬುದ್ಧಿ ಇದ್ರೆ ಸರಿ. ಅಮ್ಮನ ಕಾಲು ಬಂದದೆ, ಅದ್ಕೆ ಕೇಳ್ತಿರೋದು."

"ಆಯ್ತು ಬುಡಿ, ಮದ್ವೆ ಮುಗೀಲಿ," ಎಂದ ಶಿವರಾಮು. "ಕಾಲೇನು ಓಡೋಯ್ತದಾ?"

"ಹೌದು," ಎಂದಳು ಕುಸುಮ. "ಓಡೇ ಹೋಗ್ತಿರೋದು ಅದು."

ಗುರುವಾರ ಸಂಜೆ ಸಣ್ಣತಾಯಮ್ಮ ಅಪ್ಪಣೆ ಹೊರಡಿಸಿದಳು. ಶೋಭಿತಾ ಕಾಲೇಜು ಬಿಟ್ಟ ಮೇಲೆ ಕತ್ತಲಾಗುವವರೆಗೆ ಮಂಡ್ಯದಲ್ಲೇ ಇರಬೇಕು. ಕುಸುಮ ಕಾಲಿನ ಪಟ್ಟಿ, ಬಟ್ಟೆ ಬೂಟು ಎರಡನ್ನೂ ಬಿಚ್ಚಿಡಬೇಕು. ಹಲಗೆ ಹಿತ್ತಲಿಗೆ.

"ನಾನು ಮದ್ದೂರಿಗೆ ಹೋಗಿರ್ಲಾ ಹಂಗಾದ್ರೆ?" ಎಂದಳು ಕುಸುಮ.

"ಇರೀ ಸೊಸೆ ಎಲ್ಲಿ ಅಂದ್ರೆ ಏನ್ ಯೋಳನ? ಸೀರೆ ಉಟ್ಕಂಡು, ಕಾಪಿ ತಂದ್ಕೊಟ್ಟು, ನಗ್ತಾ ನಿಂತ್ಕೊ. ಒಂದ್ ಗಂಟೆ. ಅದೇನ್ ಅಷ್ಟು ದೊಡ್ದಾ?"

"ಪಟ್ಟಿ ಬಿಚ್ಚಿಡ್ತೀನಿ. ಗೋಡೆ ಹಿಡ್ಕೊಂಡು ನಡೀತೀನಿ. ಹಲಗೆ ಇರ್ಬೇಕು. ಹಲಗೆ ತೆಗೆದ್ರೆ ನಾನು ಕುರ್ಚಿ ಬಿಟ್ಟು ಏಳಲ್ಲ, ಯಾರು ಬಂದ್ರೂ ಅಷ್ಟೆ."

ಎಲ್ಲರೂ ಶಿವರಾಮುವನ್ನು ನೋಡಿದರು. ಅವನು ನೀರು ಕುಡಿದ. "ಆಯ್ತು ಬುಡು, ಅಲಗೆ ಇರ್ಲಿ. ಮ್ಯಾಕೊಂದು ಜಮಖಾನ ಹಾಸುದ್ರಾಯ್ತು. ಯಾರ್ಗೂ ಕಾಣಲ್ಲ."

"ಆಗ್ಲಿ," ಎಂದಳು ಸಣ್ಣತಾಯಮ್ಮ.

"ನಾನೇ ಹಾಸ್ತೀನಿ ಅತ್ಗೆ," ಎಂದ ರಘುನಂದನ್.

ಕುಸುಮ ನಂಬಿದಳು.

ಬೆಳಿಗ್ಗೆ ಅವಳು ಇಡ್ಲಿ ತಿಂದು ಸ್ನಾನಕ್ಕೆ ಹೋದಳು. ಹಿತ್ತಲ ಬಾಗಿಲಿನಿಂದ ಬಚ್ಚಲು, ಬಚ್ಚಲಿನಿಂದ ಮತ್ತೆ ಅಡುಗೆಮನೆ. ಆಮೇಲೆ ಒಲೆಯ ಮುಂದೆ, ಬಾಗಿಲಿಗೆ ಬೆನ್ನು ಮಾಡಿ ನಿಂತವಳು ಅಂದು ಹಜಾರದ ಕಡೆ ತಿರುಗಲೇ ಇಲ್ಲ. ಅವಳು ಸ್ನಾನದಲ್ಲಿದ್ದಾಗಲೇ ರಘುನಂದನ್ ಹಲಗೆಯ ಮೇಲೆ ಜಮಖಾನ ಹಾಸಿದ. ಸಣ್ಣತಾಯಮ್ಮ ದೂರ ನಿಂತು ನೋಡಿದಳು.

"ಎಣ ಮುಚ್ಚಿದಂಗೆ ಕಾಣ್ತದೆ ಕಣ್ಲಾ. ತಗಿ ಅದ."

"ಅತ್ಗೆ ಏನಂದ್ರು ರಾತ್ರಿ?"

"ಸುಕ್ರವಾರ ಒಸ್ಲು ಬರಿದಾಗಿ ಇದ್ರೆ ತಾನೇ ಅರಿಸಿನ ಹಚ್ಚೋದು? ಬರೋರು ಮೊದ್ಲು ನೋಡೋದು ಅದ್ನೇಯ. ನಿಂಗೆ ಮದ್ವೆ ಆಗ್ಬೇಕೋ ಬ್ಯಾಡ್ವೋ?"

"ಅಂಗಾದ್ರೆ ಅತ್ಗೆಗೆ ಹೇಳವ್ವ."

"ಯೋಳ್ತೀನಿ ಓಗು."

ರಘುನಂದನ್ ಹಲಗೆ ಎತ್ತಿ ಹಿತ್ತಲ ಸೌದೆ ಗುಡ್ಡೆಯ ಹಿಂದೆ ಒರಗಿಸಿದ. ಸಣ್ಣತಾಯಮ್ಮ ಹೊಸ್ತಿಲು ತೊಳೆದು, ಎಣ್ಣೆ ಸವರಿ, ಅರಿಸಿನ ಬಳಿದು, ಕುಂಕುಮದ ಬೊಟ್ಟಿಟ್ಟಳು. "ಲೇ ಸಿವರಾಮು, ನಿನ್ ಎಡ್ತಿಗೆ ಯೋಳು, ಅಲಗೆ ಇಲ್ಲ ಅಂತ," ಎಂದಳು. ಶಿವರಾಮು ಬಾಳೆಹಣ್ಣು ತರಲು ಹೊರಟಿದ್ದ. "ಹೂ" ಎಂದು ಸ್ಕೂಟರು ಹತ್ತಿದ. ಅವನು ವಾಪಸ್ ಬರುವಾಗ ನೆಂಟರ ಕಾರು ಅವನ ಹಿಂದೆಯೇ ಬಂತು.

ಮಹದೇವು, ಅವರ ಹೆಂಡತಿ ಯಶೋದಮ್ಮ, ಇಬ್ಬರು ಹಿರಿಯರು. ಮಳೆ, ಕಬ್ಬಿನ ರೇಟು, ಮಳವಳ್ಳಿ ರಸ್ತೆಯ ಗುಂಡಿ ಎಲ್ಲ ಮಾತಾಯಿತು. "ಕುಸುಮ, ಕಾಪಿ ತತ್ತಾ ಅವ್ವ," ಎಂದು ಸಣ್ಣತಾಯಮ್ಮ ಹಿಂದೆಂದೂ ಇಲ್ಲದ ದನಿಯಲ್ಲಿ ಕೂಗಿದಳು.

ಕುಸುಮ ರೇಷ್ಮೆ ಸೀರೆಯುಟ್ಟು ಬರಿಗಾಲಿನಲ್ಲಿದ್ದಳು. ಎರಡೂ ಕೈಯಲ್ಲಿ ಅಗಲ ತಟ್ಟೆ, ತಟ್ಟೆಯ ತುಂಬ ಲೋಟ. ತಟ್ಟೆಯಡಿ ಅವಳ ಕಾಲು ಅವಳಿಗೆ ಕಾಣುತ್ತಿರಲಿಲ್ಲ. ಹಲಗೆ ಇದೆಯಲ್ಲ ಎಂದು ಅವಳು ನೋಡಲೂ ಇಲ್ಲ. ತಲೆಯೆತ್ತಿ, ಹೇಳಿದ ಹಾಗೆ ನಗುತ್ತಾ ಬಂದಳು. ಬಲಗಾಲು ಇಳಿಜಾರು ಹತ್ತಲು ಹೋಗಿ ಹೊಸ್ತಿಲಿಗೆ ಬಡಿಯಿತು. ಬಡಿದದ್ದು ಅವಳಿಗೆ ಗೊತ್ತಾಗಲಿಲ್ಲ. ಮೈ ಮುಂದಕ್ಕೆ ವಾಲಿದ್ದು ಗೊತ್ತಾಯಿತು. ಎಡಗಾಲು ಎಣ್ಣೆಯ ಮೇಲೆ ಬಿತ್ತು. ತಟ್ಟೆ ಹಾರಿತು. ಬಲಗೈ ಮೊದಲು ನೆಲ ಮುಟ್ಟಿತು, ಇಡೀ ಮೈ ಅದರ ಮೇಲೆ ಬಂತು.

ಸೌದೆ ಮುರಿದಂಥ ಸದ್ದು ಹಜಾರಕ್ಕೆಲ್ಲ ಕೇಳಿತು. ಲೋಟಗಳು ಉರುಳಿ ಉರುಳಿ ಗೋಡೆ ಸೇರಿದವು.

"ಅಯ್ಯೋ!" ಎಂದು ಎದ್ದರು ಯಶೋದಮ್ಮ.

ಸಣ್ಣತಾಯಮ್ಮನೇ ಮೊದಲು ಬಾಯಿ ತೆರೆದಳು. "ಏನಿಲ್ಲ ಕಣವ್ವ, ತಲೆ ಸುತ್ತು. ಸುಕ್ರವಾರ ಒಪ್ಪತ್ತು ಇರ್ತಾಳೆ, ನೀರೂ ಮುಟ್ಟಲ್ಲ. ಬೇಡ ಅಂದ್ರೂ ಕೇಳಲ್ಲ, ಅಷ್ಟು ದೈವಭಕ್ತಿ."

ಕುಸುಮ ನೆಲದಿಂದ ತಲೆಯೆತ್ತಿ ಹೊಸ್ತಿಲು ನೋಡಿದಳು. ಎಣ್ಣೆಯಲ್ಲಿ ಹೊಳೆಯುವ ಅರಿಸಿನ. ಅದರಾಚೆ, ಹಲಗೆಯಿದ್ದ ಕಡೆ ಉಜ್ಜಿದಂತೆ ಬೆಳ್ಳಗಿದ್ದ ನೆಲ. ಕೈ ಮಣಿಕಟ್ಟಿನಲ್ಲಿ ಎಲ್ಲಿ ಬಾಗಬಾರದೋ ಅಲ್ಲಿ ಬಾಗಿತ್ತು.

"ಒಪ್ಪತ್ತಲ್ಲ," ಎಂದಳು. "ಬೆಳಿಗ್ಗೆ ನಾಕು ಇಡ್ಲಿ ತಿಂದಿದ್ದೀನಿ."

"ಕುಸುಮ!" ಎಂದ ಶಿವರಾಮು.

"ನೀವು ಸುಮ್ನಿರಿ, ಬಾಳೆಹಣ್ಣು ಹಿಡ್ಕೊಂಡಿರಿ." ಯಶೋದಮ್ಮನ ಕಡೆ ತಿರುಗಿದಳು. "ನನ್ನ ಕಾಲಿಗೆ ನೆಲ ಗೊತ್ತಾಗಲ್ಲ ಕಣಮ್ಮ. ನರದ ಕಾಯಿಲೆ. ಅದಕ್ಕೆ ಅಂತ ಇಲ್ಲೊಂದು ಹಲಗೆ ಮಾಡ್ಕೊಂಡಿದ್ದೆ. ನೀವು ನೋಡ್ತೀರಿ ಅಂತ ತೆಗೆದವ್ರೆ. ತೆಗೆದಿದ್ದೀವಿ ಅಂತ ನಂಗೆ ಒಂದು ಮಾತು ಹೇಳಿಲ್ಲ."

ಯಶೋದಮ್ಮ ಒಂದು ಹೆಜ್ಜೆ ಹಿಂದೆ ಸರಿದರು. "ಅಂಟುತ್ತಾ?"

"ಅಂಟಲ್ಲ. ನಮ್ಮಪ್ಪನಿಂದ ಬಂದಿದ್ದು."

ಮಹದೇವು ಯೋಚಿಸಿದರು. "ಅಂದ್ರೆ ಹುಡುಗನ ರಕ್ತದಲ್ಲಿಲ್ಲ."

"ಇಲ್ಲ. ಅವನಿಗೂ ಇದಕ್ಕೂ ಏನೂ ಸಂಬಂಧ ಇಲ್ಲ."

ಮಹದೇವು ಸಣ್ಣತಾಯಮ್ಮನ ಕಡೆ ತಿರುಗಿದರು. "ಮತ್ಯಾಕಮ್ಮ ಮುಚ್ಚಿಟ್ರಿ?"

ಸಣ್ಣತಾಯಮ್ಮ ಬಗ್ಗಿ ಲೋಟ ಹೆಕ್ಕತೊಡಗಿದಳು. ಉತ್ತರ ಕೊಟ್ಟವರು ಯಶೋದಮ್ಮ. "ಯಾಕೆ ಅಂದ್ರೆ, ನಾಳೆ ಇವ್ರು ಬಿದ್ರೆ ಎತ್ತೋರು ಯಾರು? ನನ್ ಮಗಳು ತಾನೆ?"

ಕುಸುಮ ಇನ್ನೂ ನೆಲದ ಮೇಲೇ ಇದ್ದಳು.

ಕೊನೆಗೆ ಅವಳನ್ನು ಮಂಡ್ಯದ ಆಸ್ಪತ್ರೆಗೆ ಸಾಗಿಸಿದ್ದು ಅವರದೇ ಕಾರು. ದಾರಿಯುದ್ದಕ್ಕೂ ಶಿವರಾಮು ಡ್ರೈವರಿನ ಪಕ್ಕ ಕುಳಿತು, ಮದುವೆ ಮಾತು ಮುರಿಯಿತೋ ಇಲ್ಲವೋ ಎಂದು ಮಹದೇವು ಮುಖವನ್ನು ಕನ್ನಡಿಯಲ್ಲಿ ನೋಡುತ್ತಿದ್ದ.

ಮುರಿಯಲಿಲ್ಲ. ಎರಡು ವಾರದ ಮೇಲೆ ಮಳವಳ್ಳಿಯಿಂದ ಹೇಳಿ ಕಳಿಸಿದರು: ಹುಡುಗ ಹುಡುಗಿ ಮಂಡ್ಯದಲ್ಲಿ ಬೇರೆ ಮನೆ ಮಾಡುವುದಾದರೆ ಆಗಬಹುದು. ರಘುನಂದನ್ ಅಂದೇ ಸಂಜೆ ಬಾಡಿಗೆ ಮನೆ ನೋಡಲು ಹೋದ.

ಕುಸುಮಳ ಬಲಗೈ ಕಟ್ಟಿನಲ್ಲಿದ್ದ ಆ ವಾರಗಳಲ್ಲಿ ಸಣ್ಣತಾಯಮ್ಮ ಮುದ್ದೆ ತಿರುವಿದಳು. ಗಂಟು ಗಂಟಾಗಿರುತ್ತಿತ್ತು, ಶಿವರಾಮು ಹಾಗೇ ನುಂಗುತ್ತಿದ್ದ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಅಮ್ಮನಿಗೆ ತಲೆ ಬಾಚುವುದು ಶೋಭಿತಾಳ ಪಾಲಿಗೆ. ಕುಚ್ಚು ಕಟ್ಟದ ಸೀರೆಗಳನ್ನು ಹೆಂಗಸರು ಒಬ್ಬೊಬ್ಬರಾಗಿ ಬಂದು ಒಯ್ದರು. ಮಂಡ್ಯದ ಅಂಗಡಿಯವರು ಹುಡುಗನನ್ನು ಕಳಿಸಿ ಕಟ್ಟು ತರಿಸಿಕೊಂಡರು.

ಒಂದು ಮಧ್ಯಾಹ್ನ ಹಿತ್ತಲಿನಿಂದ ರಬ್ಬರು ಸುಟ್ಟ ವಾಸನೆ ಬಂತು. ಕುಸುಮ ಗೋಡೆ ಹಿಡಿದು ಹೋಗಿ ನೋಡಿದಳು. ಬಚ್ಚಲ ಹಂಡೆಯ ಒಲೆಯಲ್ಲಿ ಹಲಗೆ ಉರಿಯುತ್ತಿತ್ತು.

"ಒಣಗಿದ ಸೌದೆ ಅಂದ್ಕಂಡೆ," ಎಂದಳು ಸಣ್ಣತಾಯಮ್ಮ.

"ಟೈರು ಹೊಡೆದ ಸೌದೆ ಯಾವ ಮರದಲ್ಲಿ ಬಿಡುತ್ತೆ ಅತ್ತೆ?"

"ಇನ್ನೆದಕ್ ಬೇಕಿತ್ತು ಅದು? ಅದ್ರಿಂದ್ಲೇ ತಾನೆ ಇಷ್ಟೆಲ್ಲಾ? ಅದಿಲ್ದಿದ್ರೆ ನೀನು ಕಾಲ್ ನೋಡ್ಕಂಡು ನಡೀತಿದ್ದೆ."

ಕುಸುಮ ಅವಳನ್ನು ನೋಡಿದಳು. ಸಣ್ಣತಾಯಮ್ಮ ತಾನು ಹೇಳಿದ್ದನ್ನು ನಿಜವಾಗಿಯೂ ನಂಬಿದ್ದಳು.

ರಘುನಂದನ್ ಒಮ್ಮೆ ಬಂದು ಅವಳ ಕುರ್ಚಿಯ ಬಳಿ ನಿಂತ. "ಅವ್ವ ಹೇಳ್ತೀನಿ ಅಂದ್ಲು ಅತ್ಗೆ."

"ನಿನಗೆ ಬಾಯಿರ್ಲಿಲ್ವಾ?"

"ಅವತ್ತು ಗಡಿಬಿಡೀಲಿ..."

"ಅಳತೆ ತಗೊಂಡೋನು ನೀನು. ಆ ಹಲಗೆ ಇಲ್ದಿದ್ರೆ ನಾನು ಎಲ್ಲಿ ಬೀಳ್ತೀನಿ ಅಂತ ಇಂಚು ಇಂಚು ಗೊತ್ತಿದ್ದೋನು ನೀನೊಬ್ಬನೇ. ಅವರಿಬ್ಬರ ಮೇಲೆ ನಂಗೆ ಇಷ್ಟು ಸಿಟ್ಟಿಲ್ಲ."

ಅವನು ಹೊಸ ಹಲಗೆ ಮಾಡಿಕೊಡುತ್ತೇನೆ ಎಂದ. ಬೇಡ ಎಂದಳು.

ಕಟ್ಟು ಬಿಚ್ಚಿದರು. ಮೂಳೆ ಚೆನ್ನಾಗಿ ಕೂಡಿದೆ ಎಂದರು. ಮನೆಗೆ ಬಂದು ಕುಸುಮ ರಬ್ಬರು ಸುತ್ತಿದ ಕೊಕ್ಕೆಕಡ್ಡಿ ಎತ್ತಿಕೊಂಡಳು. ಬಿತ್ತು. ಶೋಭಿತಾ ಎತ್ತಿ ಬೆರಳ ನಡುವೆ ಇಟ್ಟಳು. ಬಿತ್ತು. ಹೆಬ್ಬೆರಳು ತೋರುಬೆರಳಿನ, ನಡುಬೆರಳಿನ ಹತ್ತಿರ ಬಂದು ನಿಲ್ಲುತ್ತಿತ್ತು, ಮುಟ್ಟುತ್ತಿರಲಿಲ್ಲ. ಶೋಭಿತಾ ಮತ್ತೆ ಎತ್ತಿದಳು.

"ಸಾಕು ಬಿಡು," ಎಂದಳು ಕುಸುಮ.

ಮೈಸೂರಿನ ಡಾಕ್ಟರು ಕೈ ಹಿಡಿದು ನೋಡಿ, ದಿನಾ ಮಾಡಬೇಕಾದ ವ್ಯಾಯಾಮ ಹೇಳಿಕೊಟ್ಟರು. ಬರಬಹುದಾ ಎಂದು ಕೇಳಿದ್ದಕ್ಕೆ ಇಲ್ಲ ಎಂದರು. ಅಂದೇ ಶೋಭಿತಾಳ ಕಾಲಿಗೂ ತಂತಿ ಹಚ್ಚಿ ಕರೆಂಟು ಬಿಟ್ಟು ನೋಡಿದರು. ಅವಳಿಗೂ ಇತ್ತು. ಮನೆಯಲ್ಲಿ ಯಾರನ್ನೂ ಕೇಳದೆ ಹೋಗಿದ್ದರು. ವಾಪಸ್ ಬರುವ ರೈಲಿನಲ್ಲಿ ಶೋಭಿತಾ ಕಿಟಕಿಗೆ ತಲೆ ಕೊಟ್ಟು ಕೂತಿದ್ದಳು.

"ಅಮ್ಮ, ತಾತ ನಿಜವಾಗ್ಲೂ ಹೊಟ್ಟೆ ಮೇಲೆ ದಾಟ್ತಿದ್ರಾ?"

"ಹೂ."

"ನೀನು ನೋಡಿದ್ದೀಯಾ?"

"ದಿನಾ."

ಮಂಡ್ಯ ಬಂತು. ಇಳಿಯುವಾಗ ಶೋಭಿತಾ ಕೇಳಿದಳು. "ಗರಗಸ ಎಲ್ಲಿ ಸಿಗುತ್ತೆ?"

"ಮದ್ವೆ ಮುಗೀಲಿ. ನಿನ್ನ ಅಜ್ಜಿಗೆ ಹೊಸ ಸೊಸೆಯಿಂದ ಆ ಸೇರು ಒದೆಸಬೇಕು. ಒದೆಸಲಿ."

ಮದುವೆಯಾಯಿತು. ವೀಣ ಮಂಡ್ಯದ ಬಾಡಿಗೆ ಮನೆಗೆ ಹೋಗುವ ಮುಂಚೆ ಹೊಳಲಿಗೆ ಬಂದು, ಎಣ್ಣೆ ಅರಿಸಿನದ ಹೊಸ್ತಿಲ ಮೇಲಿನ ಸೇರನ್ನು ಬಲಗಾಲಿನಲ್ಲಿ ಒದ್ದಳು. ಅಕ್ಕಿ ಒಲೆಯವರೆಗೂ ಚೆಲ್ಲಿತು. ಕುಸುಮ ಕುರ್ಚಿಯಲ್ಲಿ ಕುಳಿತು ನೋಡಿದಳು. ಅಕ್ಕಿ ಆಯ್ದದ್ದು ಶೋಭಿತಾ.

ಮುಂದಿನ ಶುಕ್ರವಾರ ಬೆಳಿಗ್ಗೆ ಸಣ್ಣತಾಯಮ್ಮ ಎಣ್ಣೆಯ ಬಟ್ಟಲು ಹಿಡಿದು ಬಂದಾಗ ಹೊಸ್ತಿಲ ಒಂದು ತುದಿಯಲ್ಲಿ ಶೋಭಿತಾ, ಇನ್ನೊಂದು ತುದಿಯಲ್ಲಿ ಕುಸುಮ, ಒಂದೊಂದು ಗರಗಸದೊಂದಿಗೆ ನೆಲಕ್ಕೆ ಕುಳಿತಿದ್ದರು. ಕುಸುಮಳ ಎಡಗೈಗೆ, ಮೊಣಕೈಯವರೆಗೂ, ರವಿಕೆಯ ಅಂಟುಪಟ್ಟಿಯಲ್ಲಿ ಗರಗಸ ಬಿಗಿದಿತ್ತು. ಎರಡು ತುದಿಯಲ್ಲೂ ಅಲಗು ಆಗಲೇ ಅರ್ಧ ಇಳಿದಿತ್ತು. ಹಲಸಿನ ಹಳದಿ ಹುಡಿ ಇಬ್ಬರ ಮಡಿಲಲ್ಲೂ ಬಿದ್ದಿತ್ತು.

"ಏನ್ರೇ ಇದು! ಏನ್ ಮಾಡ್ತಿದ್ದೀರ್ರೇ! ಇವತ್ ಸುಕ್ರವಾರ ಕಣ್ರೇ!"

"ಗೊತ್ತು ಅತ್ತೆ."

"ಲೇ ಸಿವರಾಮು! ಬಾರ್ಲಾ ಇಲ್ಲಿ! ನಿನ್ ಎಡ್ತಿ ಮನೇನೇ ಕುಯ್ತಾವ್ಳೆ!"

ಶಿವರಾಮು ಟವೆಲಿನಲ್ಲಿ ಮುಖ ಒರೆಸುತ್ತಾ ಬಂದ. ನೋಡಿದ. "ಆಯ್ತು ಬುಡಿ," ಎಂದ, ಯಾರಿಗೆಂದು ಗೊತ್ತಾಗದ ಹಾಗೆ.

"ಒಂದ್ ಕಡೆ ಗರಗಸ ಹಿಡ್ಕೊಳ್ಳಿ. ಇಲ್ಲಾಂದ್ರೆ ದಾರಿ ಬಿಡಿ," ಎಂದಳು ಕುಸುಮ.

"ಆಪೀಸ್ಗೆ ಒತ್ತಾಯ್ತು."

"ಹಂಗಾದ್ರೆ ದಾರಿ ಬಿಡಿ."

ಅವನು ಹಜಾರದಲ್ಲಿ ತಟ್ಟೆ ಮುಂದಿಟ್ಟುಕೊಂಡು ಕುಳಿತ. ಮರ ಕೊನೆಗೆ ಲಟ್ಟೆಂದು ಬಿಟ್ಟುಕೊಂಡಿತು. ಶೋಭಿತಾ ತುಂಡನ್ನು ಎತ್ತಿ ಗೋಡೆಗೆ ನಿಲ್ಲಿಸಿ, ಹುಡಿ ಗುಡಿಸಿದಳು. ಸಣ್ಣತಾಯಮ್ಮ ಅತ್ತಳು, ಬೈದಳು, ಕುಸುಮಳ ತವರಿನ ಏಳು ತಲೆಮಾರನ್ನು ಕರೆದಳು. ಯಾರೂ ಎದುರು ಮಾತಾಡದ ಕಾರಣ ಕೊನೆಗೆ ಸುಮ್ಮನಾದಳು.

"ಉಣ್ಣಕ್ ಇಕ್ಕವ್ವ, ಬಸ್ಸು ಓಯ್ತದೆ," ಎಂದ ಶಿವರಾಮು.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಒಳಗಿನಿಂದ ಮುದ್ದೆಯ ಪಾತ್ರೆ ಎತ್ತಿಕೊಂಡು ಹೊರಟಳು. ಬಾಗಿಲಿನಲ್ಲಿ, ಇಲ್ಲದ ಹೊಸ್ತಿಲನ್ನು ದಾಟಲು ಕಾಲನ್ನು ಗೇಣೆತ್ತರ ಎತ್ತಿ, ಇಟ್ಟು, ತಡವರಿಸಿ ಚೌಕಟ್ಟು ಹಿಡಿದುಕೊಂಡಳು.

"ಕೆಳಗೆ ನೋಡ್ಕೊಂಡು ನಡೀರಿ ಅತ್ತೆ," ಎಂದಳು ಕುಸುಮ. ಅವಳು ಹಲ್ಲಿನಿಂದ ಅಂಟುಪಟ್ಟಿ ಬಿಚ್ಚುತ್ತಿದ್ದಳು.

ಆ ಮನೆಯಲ್ಲಿ ಹೋದದ್ದು ಇಷ್ಟು. ಹಲಸಿನ ಹೊಸ್ತಿಲು ಒಂದು. ಟೈರು ಹೊಡೆದ ಹಲಗೆ ಒಂದು. ಮಂಡ್ಯಕ್ಕೆ ಹೋದ ಮೈದುನ ಒಬ್ಬ. ಮಣಿಕಟ್ಟಿನ ಮೂಳೆ ಎರಡು, ಅವು ಕೂಡಿಕೊಂಡವು. ಬಲಗೈ ಬೆರಳು ಮೂರು, ಅವು ಕೂಡಲಿಲ್ಲ. ಆ ಕೈ ಇನ್ನೂ ಕೆಲಸ ಮಾಡುತ್ತದೆ ಎಂದು ಡಾಕ್ಟರು ಹೇಳಿದ್ದ ವರ್ಷ ಹತ್ತು.